ಯಲಹಂಕದ ತುರ್ಕಿ ಮಿಠಾಯಿ ಅಂಗಡಿಯಲ್ಲಿ ನಮ್ಮತ್ತೆ

ಮದುವೆ ಮನೆಯಲ್ಲಿ ಮೊದಲ ಜಗಳ ಶುರುವಾಗುವುದು ಒಡವೆಗಲ್ಲ, ಸೀರೆಗೂ ಅಲ್ಲ, ಊಟದ ಪಟ್ಟಿಗೆ. ಮಗಳ ಮದುವೆ ಮಾಡಿದ ತಾಯಂದಿರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಡುಗೆಯವರು ಬಂದು ಕೂತು ಪುಸ್ತಕ ಬಿಚ್ಚಿ, “ಸಿಹಿ ಏನು ಬರ್ಕೊಳ್ಳಲಮ್ಮ?” ಎಂದು ಕೇಳಿದ್ದೇ ತಡ, ಒಳಗಿನ ಕೋಣೆಯಿಂದ ನಮ್ಮತ್ತೆ “ಚಿರೋಟಿ” ಎಂದರು. ಅದೇ ಹೊತ್ತಿಗೆ ಮಗಳು ಮೊಬೈಲಿನಿಂದ ತಲೆ ಎತ್ತದೆ “ಬಕ್ಲಾವಾ” ಎಂದಳು.

“ಅದೇನೇ ಅದು, ಬಕಾಸುರನ ಹೆಸರಿದ್ದ ಹಾಗಿದೆ?” ಎಂದರು ಅತ್ತೆ.

“ಅಯ್ಯೋ ಅಜ್ಜಿ, ಅದು ತುರ್ಕಿ ದೇಶದ ಸಿಹಿ. ನಮ್ಮ ಆಫೀಸಿನಲ್ಲಿ ಯಾರ ಮದುವೆಯಾದರೂ ಈಗ ಅದನ್ನೇ ಡಬ್ಬಿಗೆ ಹಾಕಿ ಕೊಡ್ತಾರೆ. ನಮ್ಮ ಯಲಹಂಕದಲ್ಲೇ ಅಂಗಡಿ ಆಗಿದೆ, ಗೊತ್ತಾ?”

ಜಗಳ ಬೆಳೆಯದಿರಲಿ ಅಂತ ನಾನು ನಡುವೆ ಬಾಯಿ ಹಾಕಿದೆ. “ಸುಮ್ನಿರಿ ಅತ್ತೆ, ಈಗ ಚಿರೋಟಿ ಯಾರು ತಿಂತಾರೆ? ಅರ್ಧ ಮುರಿದು ಎಲೆಯಲ್ಲೇ ಬಿಟ್ಟು ಏಳ್ತಾರೆ” ಎಂದುಬಿಟ್ಟೆ. ಅತ್ತೆ ಮತ್ತೆ ಮಾತಾಡಲಿಲ್ಲ. ಅಡುಗೆಯವರು ಕಾಫಿ ಕುಡಿದು, ಪುಸ್ತಕ ಮಡಿಸಿಕೊಂಡು, “ಮುಂದಿನ ವಾರ ಬರ್ತೀನಮ್ಮ, ಯೋಚನೆ ಮಾಡಿಟ್ಟಿರಿ” ಎಂದು ಹೊರಟರು.

ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಅನ್ನಿಸಿತು, ಆಡಬಾರದ ಮಾತು ಆಡಿದೆ ಅಂತ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನೆಂಟರಿಷ್ಟರ ಮನೆಯಲ್ಲಿ ಮದುವೆ ಅಂದರೆ, ಎರಡು ದಿನ ಮುಂಚೆಯೇ ನಮ್ಮತ್ತೆಗೆ ಹೇಳಿ ಕಳಿಸುತ್ತಿದ್ದರು. ಅವರು ತಮ್ಮ ಲಟ್ಟಣಿಗೆಯನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಬೇರೆಯವರ ಲಟ್ಟಣಿಗೆ ಅವರ ಕೈಗೆ ಒಗ್ಗುತ್ತಿರಲಿಲ್ಲ. ಅವರು ಕರಿದ ಚಿರೋಟಿ ಬೆಳ್ಳಗೆ, ಮಲ್ಲಿಗೆ ಅರಳಿದ ಹಾಗೆ ಎಸಳು ಎಸಳಾಗಿ ಬಿಟ್ಟಿರುತ್ತಿತ್ತು. ಈಗ ಅವರಿಗೆ ಎಪ್ಪತ್ತೆಂಟು. ಐದು ವರ್ಷದಿಂದ ಬಲಗೈ ನಡುಗುತ್ತದೆ. ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾರೆ. ಆ ಐದು ವರ್ಷದಲ್ಲಿ ಯಾರೂ ಅವರನ್ನು ಚಿರೋಟಿ ವಿಷಯ ಕೇಳಿಲ್ಲ. ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮ್ಮವರು ಪಂಚಾಯಿತಿ ಮುಗಿಸಿದರು. “ತಿನ್ನದೇ ಇರೋದರ ಮೇಲೆ ಏನು ಜಗಳ? ಮೊದಲು ಹೋಗಿ ತಿಂದು ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ.” ಮಗಳು ಹೂಂ ಅಂದಳು. ಆಗ ಅತ್ತೆ ಮೆಲ್ಲಗೆ, “ನಾನೂ ಬರ್ತೀನಿ” ಎಂದರು. ಹೊರಗಡೆ ನೀರು ಕುಡಿಯುವುದಕ್ಕೂ ಹಿಂದೆಮುಂದೆ ನೋಡುವವರು ತಾವಾಗಿಯೇ ಹೀಗೆ ಹೇಳಿದ್ದು ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ಭಾನುವಾರ ಸಂಜೆ ನಾಲ್ಕಕ್ಕೆ ಆಟೋ ಹಿಡಿದೆವು. ನಮ್ಮ ಮನೆ ಹಳೇ ಯಲಹಂಕದಲ್ಲಿ, ಅಂಗಡಿ ಉಪನಗರದಲ್ಲಿ. ಯಲಹಂಕ ಅಂದರೆ ಈಗಿನವರಿಗೆ ವಿಮಾನ ನಿಲ್ದಾಣದ ದಾರಿ, ಎರಡು ವರ್ಷಕ್ಕೊಮ್ಮೆ ವಾಯುನೆಲೆಯಲ್ಲಿ ನಡೆಯುವ ವಿಮಾನಗಳ ಪ್ರದರ್ಶನ, ಇಷ್ಟೇ. ಆದರೆ ಬೆಂಗಳೂರಿಗಿಂತ ಹಿರಿಯ ಊರು ಇದು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆತನದವರು. ತಾಯಿ ಮಗಳ ಮನೆಗೆ ಬಂದು ಸೇರಿದ ಹಾಗೆ, 2007ರಲ್ಲಿ ಯಲಹಂಕ ತನ್ನ ನಗರಸಭೆ ಕಳೆದುಕೊಂಡು ಬೆಂಗಳೂರಿನ ಒಳಗೆ ಸೇರಿತು. ಮರುವರ್ಷ, 2008ರಲ್ಲಿ, ದೇವನಹಳ್ಳಿ ಬಳಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಮುಂದೆ ನಮ್ಮೂರಿನ ರಸ್ತೆಗೆ ನಿದ್ದೆ ಎಂಬುದೇ ಇಲ್ಲ.

ಆಟೋದಲ್ಲಿ ಅತ್ತೆ ಕಿಟಕಿ ಕಡೆ ಕೂತು ಒಂದೊಂದೇ ಹೇಳುತ್ತಾ ಬಂದರು. ಇಲ್ಲಿ ರಾಗಿ ಹೊಲ ಇತ್ತು, ಇಲ್ಲಿ ಹುಣಸೆ ಮರ ಇತ್ತು, 1984ರಲ್ಲಿ ರೈಲಿನ ಗಾಲಿ ಕಾರ್ಖಾನೆ ಶುರುವಾದಾಗ ಊರಿಗೆ ಊರೇ ನೋಡಲು ಹೋಗಿತ್ತು, ಹೀಗೆ. ಮದರ್ ಡೈರಿ ಕಡೆಯ ದಾರಿ ಬಂದಾಗ, “ಇಷ್ಟು ಹಾಲು ಊರಲ್ಲೇ ಇಟ್ಕೊಂಡು ಸಿಹಿ ಮಾತ್ರ ತುರ್ಕಿಯಿಂದ ತರಿಸ್ಬೇಕೇನೇ?” ಎಂದು ಮೊಮ್ಮಗಳನ್ನು ಕೇಳಿದರು. ಮಗಳು ನಕ್ಕಳು. ನನಗೆ ಸಮಾಧಾನವಾಯಿತು, ಅತ್ತೆಗೆ ಮಾತು ಬಂತಲ್ಲ ಅಂತ.

ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಜಾಹೀರಾತಾಗುತ್ತದೆ. ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಾಲ್ಕು ಮೇಜು, ಗೋಡೆಯಲ್ಲಿ ಬಣ್ಣಬಣ್ಣದ ಗಾಜಿನ ದೀಪಗಳು, ಮುಂದುಗಡೆ ಗಾಜಿನ ಪೆಟ್ಟಿಗೆ. ಒಳಗೆ ಕಾಲಿಟ್ಟ ಕೂಡಲೇ ಬಂದದ್ದು ಕಾಯಿಸಿದ ತುಪ್ಪದ ಘಮ. ಅತ್ತೆ ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಂಡರು. “ತುಪ್ಪ ಚೆನ್ನಾಗಿದೆ” ಎಂದರು. ಅದು ಅವರ ಮೊದಲ ಸರ್ಟಿಫಿಕೇಟು.

ಕೆಂಪು ಗೊಂಡೆ ಟೋಪಿ ಹಾಕಿಕೊಂಡ, ದಪ್ಪ ಮೀಸೆಯ ತುರ್ಕಿಯವನೊಬ್ಬ ಕೂತಿರುತ್ತಾನೆ ಅಂತ ನಾನು ಅಂದುಕೊಂಡಿದ್ದೆ. ಆ ಟೋಪಿಯನ್ನು ಅವರ ದೇಶದಲ್ಲಿ 1925ರಲ್ಲೇ ಕಾನೂನು ಮಾಡಿ ನಿಲ್ಲಿಸಿದ್ದಾರೆ ಅಂತ ಮಗಳು ಆಮೇಲೆ ಹೇಳಿದಳು. ಅಲ್ಲಿ ನಿಂತಿದ್ದವನು ಇಪ್ಪತ್ತೆರಡು ವರ್ಷದ ಹುಡುಗ, ಗೌರಿಬಿದನೂರಿನ ಕಡೆಯವನು. “ಏನ್ ಕೊಡ್ಲಕ್ಕ? ಮೊದ್ಲು ರುಚಿ ನೋಡಿ, ಆಮೇಲೆ ತಗೊಳ್ಳಿ” ಎಂದ. ಅರ್ಧ ಸಂಕೋಚ ಅಲ್ಲೇ ಹೋಯಿತು.

ಅತ್ತೆ ನೇರವಾಗಿ ಕೇಳಿದರು. “ಮರಿ, ಇದರಲ್ಲಿ ಮೊಟ್ಟೆ ಇದೆಯೇನಪ್ಪ?”

“ಇಲ್ಲಜ್ಜಿ, ನಮ್ಮಲ್ಲಿ ಹಾಕಲ್ಲ. ಡಬ್ಬಿ ಮೇಲೆ ಹಸಿರು ಚುಕ್ಕೆ ಇದೆ ನೋಡಿ.”

ಇದನ್ನು ಕೇಳಲು ನಾಚಿಕೊಳ್ಳಬೇಡಿ ಸೋದರಿಯರೇ. ತುರ್ಕಿಯಲ್ಲಿ ಬಕ್ಲಾವಾದ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸುವ ವಾಡಿಕೆ ಉಂಟು. ನಮ್ಮ ಕಡೆ ಅನೇಕರು ಹಾಕದೆ ಮಾಡುತ್ತಾರೆ. ವ್ರತ, ಮಡಿ ಇರುವವರು ಕೇಳಿಯೇ ತೆಗೆದುಕೊಳ್ಳುವುದು ಒಳ್ಳೆಯದು.

ಗಾಜಿನ ಪೆಟ್ಟಿಗೆಯಲ್ಲಿ ಏನೇನಿತ್ತು ಅಂತ ಹೇಳಿಬಿಡುತ್ತೇನೆ. ಮೊದಲನೆಯದು ಬಕ್ಲಾವಾ. ತೆಳ್ಳನೆಯ ಹಿಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಪುಡಿ ಮಾಡಿದ ಪಿಸ್ತಾ ಹರಡಿ, ತುಪ್ಪ ಸುರಿದು, ಒಲೆಯಲ್ಲಿ ಬೇಯಿಸಿ, ಮೇಲೆ ಸಕ್ಕರೆ ಪಾಕ ಹಾಕಿದ್ದು. ನಮ್ಮ ಕೊಬ್ಬರಿ ಮಿಠಾಯಿಯ ಹಾಗೆ ಚೌಕವಾಗಿ, ಹಲಗೆ ಆಕಾರದಲ್ಲಿ ಕತ್ತರಿಸಿರುತ್ತಾರೆ. ಎರಡನೆಯದು ಕುನಾಫೆ. ಇದು ನಮ್ಮ ಶಾವಿಗೆಯಂಥ ಸಣ್ಣ ಎಳೆಗಳನ್ನು ತುಪ್ಪದಲ್ಲಿ ಕೆಂಪಗೆ ಮಾಡಿ, ಒಳಗೆ ಉಪ್ಪಿಲ್ಲದ ಗಿಣ್ಣಿನಂಥ ಚೀಸ್ ಇಟ್ಟು, ಬಿಸಿಬಿಸಿಯಾಗಿ ಪಾಕ ಹಾಕಿ ಕೊಡುವುದು. ಈಚೆಗೆ ಮಕ್ಕಳು ದುಬೈ ಚಾಕಲೇಟು ಎಂದು ಹಟ ಮಾಡುತ್ತಾರಲ್ಲ, ಅದರ ಹೊಟ್ಟೆಯೊಳಗೆ ಇರುವುದೂ ಇದೇ ಶಾವಿಗೆ ಮತ್ತು ಪಿಸ್ತಾ. ಮೂರನೆಯದು ಲೋಕುಮ್. ಪಿಷ್ಟ ಮತ್ತು ಸಕ್ಕರೆ ಕಾಯಿಸಿ, ಗುಲಾಬಿ ನೀರು ಹಾಕಿ, ತುಂಡು ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದು. ಬಾಯಿಗಿಟ್ಟರೆ ನಮ್ಮ ಬಾಂಬೆ ಹಲ್ವದ ನೆಂಟ ಅಂತ ಗೊತ್ತಾಗುತ್ತದೆ. ಇಸ್ತಾಂಬುಲಿನಲ್ಲಿ 1777ರಲ್ಲಿ ಹಾಜಿ ಬೆಕಿರ್ ಎಂಬಾತ ತೆರೆದ ಲೋಕುಮ್ ಅಂಗಡಿಯ ವ್ಯಾಪಾರ ಇವತ್ತಿಗೂ ನಡೆಯುತ್ತಿದೆಯಂತೆ. ಹಳೇ ಕ್ರಮದ ಲೋಕುಮ್ಮಿಗೆ ಪಿಷ್ಟವೇ ಆಧಾರ. ಕೆಲವು ಕಡೆ ಜೆಲಟಿನ್ ಹಾಕಿ ಮಾಡುವುದೂ ಉಂಟು. ಅದು ಪ್ರಾಣಿಗಳಿಂದ ಬರುವ ಪದಾರ್ಥ, ಆದ್ದರಿಂದ ಅಲ್ಲೂ ಒಂದು ಮಾತು ಕೇಳಿಕೊಳ್ಳಿ.

ತಟ್ಟೆಯಲ್ಲಿ ನಾಲ್ಕು ತುಂಡು ಬಕ್ಲಾವಾ ಹಾಕಿ ತಂದಿಟ್ಟ ಹುಡುಗ, “ಅಜ್ಜಿ, ಹೀಗಲ್ಲ, ತಿರುವಿ ಹಾಕಿ ಕಚ್ಚಬೇಕು. ಪಾಕ ಎಲ್ಲಾ ತಳದಲ್ಲಿರುತ್ತೆ. ತಳ ಮೇಲೆ ಬಂದ್ರೆ ಅಂಗಳಕ್ಕೆ ತಾಗುತ್ತೆ, ಆಗ ರುಚಿ” ಎಂದ. ಮಗಳೂ ನಾನೂ ಹಾಗೇ ಮಾಡಿದೆವು. ಮೇಲ್ಗಡೆ ಕರಕರ, ಕೆಳಗೆ ಮೆತ್ತಗೆ, ನಡುವೆ ಪಿಸ್ತಾ. ಚೆನ್ನಾಗಿಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ತುಂಬಾ ಚೆನ್ನಾಗಿತ್ತು. ಆದರೆ ಎರಡನೆಯ ತುಂಡಿಗೆ ನಾಲಿಗೆ ಸಾಕು ಎಂದಿತು. ಅದಕ್ಕೇ ಅವರು ಹಾಲು ಹಾಕದ ಕಪ್ಪು ಚಹಾ ಜೊತೆಗೆ ಕೊಡುವುದು.

ಅತ್ತೆ ಮಾತ್ರ ಕಚ್ಚಲಿಲ್ಲ. ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಎಡಗೈಯಿಂದ ತುಂಡನ್ನು ಒತ್ತಿ ಹಿಡಿದು, ಬಲಗೈಯ ಉಗುರಿನಿಂದ ಮೇಲಿನ ಎಸಳು ಎತ್ತಿದರು. ಆಮೇಲೆ ಇನ್ನೊಂದು, ಮತ್ತೊಂದು. ಕೈ ನಡುಗುತ್ತಿತ್ತು, ಆದರೂ ಬಿಡಲಿಲ್ಲ. ನಾನು ಸಹಾಯ ಮಾಡಲು ಹೋದರೆ “ಇರು” ಎಂದರು. ಹನ್ನೆರಡರವರೆಗೆ ಎಣಿಸಿ, ಒಂದು ಎಸಳನ್ನು ದೀಪಕ್ಕೆ ಹಿಡಿದು ನೋಡಿದರು. ಬೆಳಕು ಆಚೆಯಿಂದ ಈಚೆಗೆ ಬಂತು.

“ಇದು ಲಟ್ಟಿಸಿದವನು ಯಾರೋ ಗೊತ್ತಿರೋನು” ಎಂದರು. “ಆದರೆ ಇದು ಬೇಯಿಸಿದ್ದು, ಕರಿದದ್ದಲ್ಲ. ಪಾಕ ಹಾಕಿದ ಮೇಲೂ ಗರಿಗರಿ ಉಳಿದಿದೆ ಅಂದ್ರೆ ತುಪ್ಪದ ಹದ ಚೆನ್ನಾಗಿ ಬಲ್ಲವನು.” ಆಮೇಲೆ ಹುಡುಗನನ್ನು ಕರೆದು ಕೇಳಿದರು. “ಮರಿ, ಇದನ್ನ ಲಟ್ಟಿಸಿದ್ದು ನೀನೇನಾ?”

“ಇಲ್ಲಜ್ಜಿ. ಹಾಳೆ ಪೆಟ್ಟಿಗೆಯಲ್ಲಿ ಬರುತ್ತೆ, ಮಷೀನಿನಲ್ಲಿ ಮಾಡಿದ್ದು. ನಾವು ಇಲ್ಲಿ ಜೋಡಿಸಿ, ತುಪ್ಪ ಹಾಕಿ, ಬೇಯಿಸ್ತೀವಿ ಅಷ್ಟೆ.”

“ಓ. ಹಾಗಾದ್ರೆ ಲಟ್ಟಿಸೋದು ನಿನಗೂ ಬರಲ್ಲ.”

“ಬರಲ್ಲಜ್ಜಿ” ಎಂದು ಹುಡುಗ ನಕ್ಕ.

‘ನಿನಗೂ’ ಎನ್ನುವ ಆ ಒಂದು ಮಾತು ಯಾರಿಗೆ ಅಂತ ನನಗೆ ಗೊತ್ತಾಯಿತು. ಇಪ್ಪತ್ತೈದು ವರ್ಷ ಒಂದೇ ಅಡುಗೆಮನೆಯಲ್ಲಿ ಅವರ ಜೊತೆ ಇದ್ದೇನೆ. ಹೋಳಿಗೆ ಕಲಿತೆ, ಕಾಯಿ ಕಡುಬು ಕಲಿತೆ. ಚಿರೋಟಿ ಮಾತ್ರ “ಹೇಗೂ ಅತ್ತೆ ಇದ್ದಾರಲ್ಲ” ಎಂದು ಕಲಿಯಲಿಲ್ಲ. ಆಮೇಲೆ ಅವರ ಕೈ ನಡುಗತೊಡಗಿದಾಗ “ಹೇಗೂ ಅಂಗಡಿಯಲ್ಲಿ ಸಿಗುತ್ತಲ್ಲ” ಎಂದುಕೊಂಡೆ.

ಚಹಾ ಕುಡಿಯುತ್ತಾ ಮಗಳು ಮೊಬೈಲಿನಲ್ಲಿ ಓದಿ ಓದಿ ಹೇಳಿದಳು, ಅತ್ತೆ ಕಿವಿಗೊಟ್ಟು ಕೇಳಿದರು. ಬಕ್ಲಾವಾಕ್ಕೆ ಹೆಸರಾದ ಊರು ತುರ್ಕಿಯ ದಕ್ಷಿಣದಲ್ಲಿರುವ ಗಾಜಿಯಾಂಟೆಪ್. ನಮಗೆ ಪೇಡ ಅಂದರೆ ಧಾರವಾಡ ಇದ್ದ ಹಾಗೆ. ಧಾರವಾಡ ಪೇಡಕ್ಕೆ ನಮ್ಮ ದೇಶದಲ್ಲಿ ಊರಿನ ಹೆಸರಿನ ಕಾನೂನು ರಕ್ಷಣೆ ಇದೆಯಲ್ಲ, ಹಾಗೆಯೇ 2013ರಲ್ಲಿ ಆ ಊರಿನ ಬಕ್ಲಾವಾಕ್ಕೆ ಯುರೋಪ್ ಒಕ್ಕೂಟ ರಕ್ಷಣೆ ಕೊಟ್ಟಿತು. ತುರ್ಕಿಯ ಪದಾರ್ಥಗಳಲ್ಲಿ ಆ ಮಾನ್ಯತೆ ಮೊದಲು ಸಿಕ್ಕಿದ್ದು ಇದಕ್ಕೇ. 2023ರ ಫೆಬ್ರವರಿ 6ರಂದು ದೊಡ್ಡ ಭೂಕಂಪ ಆಗಿ ತುರ್ಕಿಯಲ್ಲೇ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಭೂಕಂಪದ ಸೀಮೆಯೇ ಇದು. ನಮ್ಮ ದೇಶದಿಂದಲೂ ಆಗ ರಕ್ಷಣಾ ತಂಡ, ಸೈನ್ಯದ ಆಸ್ಪತ್ರೆ ಹೋಗಿದ್ದವು. “ಪಾಪ” ಎಂದರು ಅತ್ತೆ. “ಅಷ್ಟಾದ ಮೇಲೂ ಒಲೆ ಹಚ್ಚಿದಾರಲ್ಲ.”

ಆ ಊರಿನಲ್ಲಿ ಹಾಳೆ ಲಟ್ಟಿಸುವುದನ್ನು ಹುಡುಗರು ಚಿಕ್ಕ ವಯಸ್ಸಿನಿಂದಲೇ ಹಿರಿಯ ಕೆಲಸಗಾರರ ಪಕ್ಕದಲ್ಲಿ ನಿಂತು ಕಲಿಯುತ್ತಾರಂತೆ. ಉದ್ದನೆಯ ಸಣ್ಣ ಲಟ್ಟಣಿಗೆ, ಅಂಟದಿರಲು ಗೋಧಿ ಪಿಷ್ಟ, ಹಲವು ಹಾಳೆ ಒಟ್ಟಿಗೆ ಇಟ್ಟು ಲಟ್ಟಿಸುವ ಚಾಕಚಕ್ಯತೆ. ಹಾಳೆಯ ಆಚೆ ಇಟ್ಟ ಬರಹ ಓದುವ ಹಾಗಿರಬೇಕು. ಅಂಥ ಹಾಳೆ ನಲವತ್ತರವರೆಗೂ ಒಂದು ತಬಕಿಗೆ ಬೇಕು. ಕುರಿ, ಮೇಕೆ ಹಾಲಿನ ಬೆಣ್ಣೆ ಕಾಯಿಸಿದ ತುಪ್ಪ ಹಾಕುತ್ತಾರೆ. ಹಾಲಿನಲ್ಲಿ ರವೆ ಬೇಯಿಸಿ ಕೆನೆಯಂತೆ ಮಾಡಿ ನಡುವೆ ಹಚ್ಚುತ್ತಾರೆ. ರವೆ ಎಂದ ಕೂಡಲೇ ಅತ್ತೆಯ ಹುಬ್ಬು ಮೇಲೆ ಹೋಯಿತು. ಪಿಸ್ತಾವನ್ನು ಪೂರ್ತಿ ಬಲಿಯುವ ಮುಂಚೆಯೇ ಕೊಯ್ಯುತ್ತಾರೆ. ಅದಕ್ಕೇ ಆ ಹಸಿರು, ಆ ಘಮ. ಅತಿ ಗಿಣಿ ಹಸಿರಾಗಿದ್ದರೆ ಮಾತ್ರ ಬಣ್ಣ ಹಾಕಿದ್ದಾರೋ ಅಂತ ಕೇಳಿಕೊಳ್ಳಬೇಕು.

ಇನ್ನೊಂದು ಕಥೆ ಅತ್ತೆಗೆ ಬಹಳ ಹಿಡಿಸಿತು. ಹಿಂದೆ ಇಸ್ತಾಂಬುಲಿನ ಸುಲ್ತಾನರು ರಂಜಾನ್ ತಿಂಗಳ ಹದಿನೈದನೆಯ ದಿನ ತಮ್ಮ ಸೈನಿಕರಿಗೆ ಅರಮನೆಯ ಅಡುಗೆಮನೆಯಿಂದ ಬಕ್ಲಾವಾ ಕೊಡುತ್ತಿದ್ದರು. ಹತ್ತು ಜನ ಸೈನಿಕರಿಗೆ ಒಂದು ತಬಕು. ಬಟ್ಟೆಯಲ್ಲಿ ಕಟ್ಟಿದ ತಬಕನ್ನು ಕೋಲಿಗೆ ತಗಲಿಸಿ, ಇಬ್ಬರಿಬ್ಬರು ಹೆಗಲ ಮೇಲೆ ಹೊತ್ತು ಮೆರವಣಿಗೆಯಲ್ಲಿ ಬೀದಿಯಲ್ಲಿ ಹೋಗುತ್ತಿದ್ದರು. 1826ರಲ್ಲಿ ಆ ಸೈನ್ಯವನ್ನೇ ವಿಸರ್ಜನೆ ಮಾಡಿದ ಮೇಲೆ ಆ ಮೆರವಣಿಗೆಯೂ ನಿಂತಿತು. “ನಮ್ಮ ಬೀಗರ ತಟ್ಟೆ ಹೊತ್ತುಕೊಂಡು ಹೋಗೋ ಹಾಗೆ” ಎಂದರು ಅತ್ತೆ.

ಮಾತಿನ ಮೇಲೆ ಮಾತು ಬಂತು. ತುರ್ಕಿ ಭಾಷೆಯಲ್ಲಿ ಬಾದಾಮಿಗೆ ಬಾದೆಮ್ ಅಂತಾರೆ, ಪಿಸ್ತಾಕ್ಕೆ ಫಿಸ್ತಿಕ್, ತಟ್ಟೆಗೆ ತಬಾಕ್, ಸೋಪಿಗೆ ಸಾಬುನ್, ಚಹಾಕ್ಕೆ ಚಾಯ್. ಬಕ್ಲಾವಾದ ಪಾಕಕ್ಕೆ ಅವರು ಹೇಳುವುದು ಶೆರ್ಬೆತ್, ಅಂದರೆ ನಮ್ಮ ಶರಬತ್ತಿನ ಅಕ್ಕ. ಸಕ್ಕರೆಗೆ ಶೆಕೆರ್. ಈ ಶೆಕೆರ್ ಹುಟ್ಟಿದ್ದು ನಮ್ಮ ಸಂಸ್ಕೃತದ ಶರ್ಕರದಿಂದ, ಪಾರಸಿ ದೇಶದ ಮೂಲಕ ಅಲ್ಲಿಗೆ ಹೋಗಿದೆ. ಅತ್ತೆಗೆ ಖುಷಿಯೋ ಖುಷಿ. “ಹಾಗಾದ್ರೆ ಸಕ್ಕರೆ ನಮ್ಮಿಂದ ಹೋಗಿದ್ದು, ಸಿಹಿ ಅವರಿಂದ ಬಂದಿದ್ದು. ಲೆಕ್ಕ ಚುಕ್ತಾ” ಎಂದರು.

ನಮ್ಮೂರ ದಾರಿಗೂ ತುರ್ಕಿಗೂ ಇನ್ನೊಂದು ಹಳೇ ನಂಟಿದೆ. ಯಲಹಂಕದಿಂದ ಉತ್ತರಕ್ಕೆ ಹೋದರೆ ಸಿಗುವ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್, 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ತುರ್ಕಿಯ ಸುಲ್ತಾನರ ಬಳಿಗೆ ರಾಯಭಾರಿಗಳನ್ನು ಹಡಗಿನಲ್ಲಿ ಕಳಿಸಿದ್ದ. ಅವರು ಇಸ್ತಾಂಬುಲ್ ಮುಟ್ಟುವಾಗ ವರ್ಷ ದಾಟಿತ್ತು. ಅವರಿಗೆ ಅಲ್ಲಿ ಬಕ್ಲಾವಾ ಬಡಿಸಿದರೋ ಏನೋ! ನಮಗೆ ಮಾತ್ರ ಆಟೋದಲ್ಲಿ ಕಾಲು ಗಂಟೆಯಲ್ಲಿ ಸಿಕ್ಕಿತು.

ಹೊರಡುವಾಗ ಮನೆಯವರಿಗೆ ಅಂತ ಕಾಲು ಕೆಜಿ ಕಟ್ಟಿಸಿದೆ. 480 ರೂಪಾಯಿ. ಹುಡುಗ ಬಿಲ್ಲು ಕೊಟ್ಟಾಗ ನನ್ನ ಎದೆ ಧಸಕ್ಕೆಂದಿತು. ಮದುವೆಗೆ ಬರುವ ನಾಲ್ಕು ನೂರು ಜನಕ್ಕೆ ಒಂದೊಂದು ಡಬ್ಬಿ ಅಂದರೆ ಮನಸ್ಸಿನಲ್ಲೇ ಗುಣಿಸಿ ಸುಮ್ಮನಾದೆ. ಪಿಸ್ತಾ ದುಬಾರಿ, ತುಪ್ಪ ದುಬಾರಿ. ಅಂಗಡಿಯವರ ತಪ್ಪೇನೂ ಇಲ್ಲ. ಕಡಿಮೆ ಬೆಲೆಗೆ ಸಿಗುವ ಕಡೆ ಪಿಸ್ತಾ ಬದಲು ಕಡಲೆಬೀಜ, ತುಪ್ಪದ ಬದಲು ಡಾಲ್ಡಾ ಇರಬಹುದು, ನೋಡಿಕೊಳ್ಳಿ. ತಂದದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಎಸಳು ಮೆತ್ತಗಾಗುತ್ತದೆ. ಬರೀ ಪಿಸ್ತಾ ಹಾಕಿದ ಬಕ್ಲಾವಾ ಮುಚ್ಚಿದ ಡಬ್ಬಿಯಲ್ಲಿ ಹೊರಗಡೆಯೇ ನಾಲ್ಕಾರು ದಿನ ಚೆನ್ನಾಗಿರುತ್ತದೆ. ಕೆನೆ ಹಚ್ಚಿದ್ದಾದರೆ ಅಂದೇ ತಿಂದು ಮುಗಿಸಿ. ಸಕ್ಕರೆ ಕಾಯಿಲೆ ಇರುವವರು ಒಂದು ಚೂರು ಬಾಯಿಗಿಟ್ಟು ಸುಮ್ಮನಾಗುವುದು ಕ್ಷೇಮ.

ಆಟೋದಲ್ಲಿ ವಾಪಸು ಬರುವಾಗ ಧೈರ್ಯ ಮಾಡಿ ಕೇಳಿದೆ. “ಅತ್ತೆ, ನನಗೆ ಚಿರೋಟಿ ಹೇಳಿಕೊಡ್ತೀರಾ?”

ಅವರು ಸ್ವಲ್ಪ ಹೊತ್ತು ರಸ್ತೆ ನೋಡುತ್ತಿದ್ದರು. “ಯಾರು ತಿಂತಾರೆ ಅಂದ್ಯಲ್ಲ” ಎಂದರು.

“ತಪ್ಪಾಯ್ತು ಅತ್ತೆ. ನಾನು ತಿಂತೀನಿ.”

“ನನ್ನ ಕೈ ಬರಲ್ಲ ಕಣೇ. ಬಾಯಲ್ಲಿ ಹೇಳಬಹುದು ಅಷ್ಟೆ.”

“ಬಾಯಲ್ಲೇ ಹೇಳಿ.”

ಮರುದಿನ ಮಧ್ಯಾಹ್ನ ಶುರುವಾಯಿತು ನನ್ನ ಪಾಠ. ಅತ್ತೆ ಅಡುಗೆಮನೆಯಲ್ಲಿ ಮೋಡಾ ಹಾಕಿಕೊಂಡು ಕೂತರು. ತಮ್ಮ ಲಟ್ಟಣಿಗೆಯನ್ನು ತಾವೇ ಎದ್ದು ಹೋಗಿ ಟ್ರಂಕಿನಿಂದ ತಂದರು. ಐದು ವರ್ಷದಿಂದ ಅದು ಅದೇ ಹಳೇ ಸೀರೆಯಲ್ಲಿ ಸುತ್ತಿಕೊಂಡು ಕೂತಿತ್ತು.

ಅವರು ಹೇಳಿದ ಅಳತೆ ಇದು. ಎರಡು ಲೋಟ ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ಕಾದ ತುಪ್ಪ. ತುಪ್ಪವನ್ನು ರವೆಗೆ ಉಜ್ಜಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಬೇಕು. ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಇಟ್ಟು, ಆಮೇಲೆ ಮೆತ್ತಗಾಗುವವರೆಗೆ ಚೆನ್ನಾಗಿ ಕುಟ್ಟಬೇಕು ಅಥವಾ ನಾದಬೇಕು. “ಇಲ್ಲಿ ಸೋಮಾರಿತನ ಮಾಡಿದ್ರೆ ಎಣ್ಣೆಯಲ್ಲಿ ಬಣ್ಣ ಬಯಲಾಗುತ್ತೆ” ಅಂತ ಅತ್ತೆಯ ಮಾತು. ಇನ್ನೊಂದು ಬಟ್ಟಲಿನಲ್ಲಿ ಮೂರು ಚಮಚ ಗಟ್ಟಿ ತುಪ್ಪವನ್ನು ಬೆಳ್ಳಗೆ ನುರಿದು, ಅಷ್ಟೇ ನುಣ್ಣನೆಯ ಅಕ್ಕಿಹಿಟ್ಟು ಸೇರಿಸಿ ಲೇಪ ಮಾಡಿಕೊಳ್ಳಬೇಕು. ಹಿಟ್ಟಿನಿಂದ ಐದು ಉಂಡೆ ಮಾಡಿ, ಒಂದೊಂದನ್ನೂ ಆದಷ್ಟು ತೆಳ್ಳಗೆ ಲಟ್ಟಿಸಿ, ಲೇಪ ಸವರಿ, ಒಂದರ ಮೇಲೊಂದು ಇಡಬೇಕು. ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಒಂದು ಬೆರಳು ಅಗಲಕ್ಕೆ ತುಂಡು ಮಾಡಬೇಕು. ಕತ್ತರಿಸಿದ ಮುಖ ಮೇಲೆ ಬರುವ ಹಾಗಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತಿ, ಲಟ್ಟಣಿಗೆಯಿಂದ ಹಗುರವಾಗಿ ಪೂರಿಯ ಅಗಲಕ್ಕೆ ಲಟ್ಟಿಸಬೇಕು.

ಕರಿಯುವಾಗ ಉರಿ ಸಣ್ಣಗಿರಬೇಕು. ಸಣ್ಣ ಉರಿಯಲ್ಲಿ ಲೇಪದ ತುಪ್ಪ ನಿಧಾನವಾಗಿ ಕರಗಿ ಎಸಳು ಎಸಳಾಗಿ ಬಿಡಿಸಿಕೊಳ್ಳುತ್ತದೆ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಸೌಟಿನಿಂದ ಮೇಲೆ ಮೇಲೆ ಬಿಸಿ ಎಣ್ಣೆ ಹಾಕುತ್ತಿದ್ದರೆ ಹೂವಿನಂತೆ ಅರಳುತ್ತದೆ. ಕೆಂಪಾಗುವ ಮುಂಚೆ ತೆಗೆದು, ನಿಲ್ಲಿಸಿ ಎಣ್ಣೆ ಬಸಿಯಲು ಬಿಟ್ಟು, ಏಲಕ್ಕಿ ಹಾಕಿದ ಸಕ್ಕರೆ ಪುಡಿ ಉದುರಿಸಬೇಕು. ಊಟದ ಎಲೆಯ ಮೇಲೆ ಬಾದಾಮಿ ಹಾಲು ಹಾಕಿಕೊಂಡು ತಿನ್ನುವುದು ನಮ್ಮ ಕಡೆಯ ಪದ್ಧತಿ.

ಓದುವುದಕ್ಕೆ ಸುಲಭ. ನನ್ನ ಮೊದಲನೇ ಬಾರಿಯ ಚಿರೋಟಿ ಬಾಣಲೆಯಲ್ಲಿ ಬಿಚ್ಚಿಕೊಂಡು ಚಕ್ಕುಲಿಯ ಹಾಗೆ ಸುರುಳಿಯಾಯಿತು. ಸುತ್ತುವಾಗ ಬಿಗಿ ಸಾಲದು ಎಂದರು ಅತ್ತೆ. ಎರಡನೇ ಸಲ ಅಮುಕಿ ಲಟ್ಟಿಸಿಬಿಟ್ಟು ಎಸಳೆಲ್ಲ ಅಂಟಿಕೊಂಡು ಬರೀ ಪೂರಿ ಆಯಿತು. ಮಗಳು ಮೊಬೈಲಿನಲ್ಲಿ ಅಜ್ಜಿಯ ಮಾತನ್ನೆಲ್ಲ ರೆಕಾರ್ಡು ಮಾಡಿಕೊಂಡಳು. ಮೂರನೇ ಸಲ ಅತ್ತೆ ಹಿಂದೆ ಬಂದು ನಿಂತು, ತಮ್ಮ ನಡುಗುವ ಕೈಯನ್ನು ನನ್ನ ಕೈಯ ಮೇಲಿಟ್ಟರು. “ಇಷ್ಟೇ ಭಾರ. ಇದಕ್ಕಿಂತ ಹೆಚ್ಚು ಬೇಡ” ಎಂದರು. ಆ ಭಾರ ಎಷ್ಟು ಅಂತ ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತೇ ಕಲಿಯಬೇಕು.

ಮುಂದಿನ ವಾರ ಅಡುಗೆಯವರು ಬಂದಾಗ ಪಟ್ಟಿ ಸುಲಭವಾಗಿ ಮುಗಿಯಿತು. ಎಲೆಗೆ ಚಿರೋಟಿ, ಬಾದಾಮಿ ಹಾಲು. ಸಂಜೆ ಕಾಫಿಯ ಹೊತ್ತಿಗೆ ಮಗಳ ಆಫೀಸಿನವರಿಗೆ ಮಾತ್ರ ಒಂದೊಂದು ತುಂಡು ಬಕ್ಲಾವಾ, ಆ ಗೌರಿಬಿದನೂರಿನ ಹುಡುಗನ ಕೈಯಿಂದಲೇ. ಬೀಗರ ತಟ್ಟೆಗೆ ಇಡುವ ಇಪ್ಪತ್ತೊಂದು ಚಿರೋಟಿ ಮಾತ್ರ ಅಡುಗೆಯವರದ್ದಲ್ಲ, ನನ್ನದು. ಮದುವೆಗೆ ಇನ್ನೂ ಎರಡು ತಿಂಗಳಿದೆ. ಪ್ರತಿ ಭಾನುವಾರ ಒಂದು ಸಲ ಮಾಡುತ್ತಿದ್ದೇನೆ.

ಮೊನ್ನೆಯದನ್ನು ಅತ್ತೆ ದೀಪಕ್ಕೆ ಹಿಡಿದು ನೋಡಿದರು, ಬಕ್ಲಾವಾದ ಎಸಳು ನೋಡಿದ ಹಾಗೆಯೇ. ಮುರಿದು ಬಾಯಿಗಿಟ್ಟುಕೊಂಡು, “ಪರವಾಗಿಲ್ಲ. ಇನ್ನೂ ಕೈ ಕೂರಬೇಕು” ಎಂದರು. ಅರ್ಧ ಬಿಡದೆ ಪೂರ್ತಿ ತಿಂದರು.

ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬರುವ ಸೋದರಿಯರಿಗೆ ಯಲಹಂಕ ದಾರಿಯಲ್ಲೇ ಸಿಗುತ್ತದೆ. ಒಂದು ಸಂಜೆ ಇಳಿದು ಈ ತುರ್ಕಿಯ ಸಿಹಿ ತಿಂದು ನೋಡಿ, ಖಂಡಿತ ಇಷ್ಟವಾಗುತ್ತದೆ. ಬರುವಾಗ ನಿಮ್ಮ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ.